ಪೋಸ್ಟ್‌ಡಾಕ್ ಅಂದರೆ ಏನು ಕೆಲಸ? ಕ್ಯಾನ್ಸರ್ ಲ್ಯಾಬಿನಿಂದ ಕೋಲಾರದವರಿಗೆ

ಪಿಎಚ್‌ಡಿ ಮುಗಿದು ಹೆಸರಿನ ಮುಂದೆ ಡಾ. ಅಂತ ಬಂದ ಮೇಲೂ ನಾನು ದಿನಾ ಯೂನಿವರ್ಸಿಟಿಗೇ ಹೋಗುತ್ತೇನೆ ಅಂದರೆ ಮುಳಬಾಗಿಲು ಕಡೆಯ ನಮ್ಮ ನೆಂಟರಿಗೆ ಲೆಕ್ಕ ಸಿಗುವುದಿಲ್ಲ. "ಇನ್ನೂ ಓದ್ತಾನೇ ಇದ್ದೀಯೇನಮ್ಮಾ?" ಅಂತ ದೊಡ್ಡಮ್ಮ ಕೇಳುತ್ತಾರೆ. ಚಿಕ್ಕಪ್ಪ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕ್ಯಾನ್ಸರ್‌ಗೆ ಔಷಧಿ ಯಾವಾಗ ಕಂಡುಹಿಡೀತೀಯ ಅನ್ನುತ್ತಾರೆ. ಅವರು ಕೇಳುವುದರಲ್ಲಿ ತಪ್ಪೇನಿಲ್ಲ. ಪೋಸ್ಟ್‌ಡಾಕ್ ಅನ್ನುವ ಒಂದು ಕೆಲಸ ಇದೆ ಅಂತ ನಮ್ಮ ಕಡೆ ಕಾಲೇಜುಗಳಲ್ಲೂ ಯಾರೂ ಹೇಳುವುದಿಲ್ಲ. ಈಗ ತಮಕದ ಕಡೆ ಎಂ.ಎಸ್ಸಿ. ಓದುತ್ತಿರುವ ಕೆಲವರು ನನಗೆ ಮೆಸೇಜ್ ಮಾಡಿ ಇದನ್ನೇ ಕೇಳುತ್ತಿದ್ದಾರೆ. ಅವರಿಗೂ ದೊಡ್ಡಮ್ಮನಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಪಿಎಚ್‌ಡಿ ಮುಗಿಸಿದವರು, ಆದರೆ ಸ್ವಂತ ಲ್ಯಾಬ್ ಇನ್ನೂ ಇಲ್ಲದವರು, ಒಬ್ಬ ಪ್ರೊಫೆಸರ್ ಲ್ಯಾಬಿನಲ್ಲಿ ಸೇರಿಕೊಂಡು ಎರಡು ವರ್ಷವೋ ಐದು ವರ್ಷವೋ ಪೂರ್ತಿ ಸಂಶೋಧನೆ ಮಾಡುತ್ತಾರಲ್ಲ, ಅದೇ ಪೋಸ್ಟ್‌ಡಾಕ್. ಪರೀಕ್ಷೆ ಇಲ್ಲ, ಮಾರ್ಕ್ಸ್ ಇಲ್ಲ, ಕೊನೆಗೆ ಕೈಗೆ ಡಿಗ್ರಿಯೂ ಬರುವುದಿಲ್ಲ. ಹಾಗಾಗಿ ಇದು ಓದು ಅಲ್ಲ, ಕೆಲಸ. ನಾನು ರೋಗಿಗಳನ್ನು ನೋಡುವ ಡಾಕ್ಟರೂ ಅಲ್ಲ. ಲ್ಯಾಬ್ ನಡೆಸುವ ಪ್ರೊಫೆಸರ್ ಅನುದಾನ ತರುವುದು, ಪಾಠ, ಮೀಟಿಂಗ್ ಅಂತ ಓಡಾಡುತ್ತಿರುತ್ತಾರೆ. ಪಿಎಚ್‌ಡಿ ಹುಡುಗರು ಇನ್ನೂ ಕಲಿಯುತ್ತಿರುತ್ತಾರೆ. ಪ್ರಯೋಗ ಯಾಕೆ ಕೈಕೊಟ್ಟಿತು, ಮುಂದೆ ಏನು ಮಾಡಬೇಕು, ಹೊಸಬರಿಗೆ ಪಿಪೆಟ್ ಹಿಡಿಯೋದು ಹೇಗೆ, ಸಂಶೋಧನಾ ಪೇಪರ್‌ನ ಮೊದಲ ಡ್ರಾಫ್ಟ್ ಯಾರು ಬರೆಯಬೇಕು — ಇದೆಲ್ಲ ಬಂದು ನಿಲ್ಲುವುದು ಪೋಸ್ಟ್‌ಡಾಕ್ ಹತ್ತಿರ. ಕ್ಯಾನ್ಸರ್ ಬಗ್ಗೆ ನೀವು ನ್ಯೂಸ್ ಪೇಪರಿನಲ್ಲಿ ಓದುವ ಸಂಶೋಧನೆಗಳ ಕೈಕೆಲಸ ಬಹುಪಾಲು ಇಂಥವರದು ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳದು.

ಇನ್ನು ಏನು ಸಂಶೋಧನೆ ಅನ್ನುವುದಕ್ಕೆ ಬರೋಣ. "ಕ್ಯಾನ್ಸರ್ ಮೇಲೆ" ಅಂತ ಯಾರೂ ಕೆಲಸ ಮಾಡುವುದಿಲ್ಲ. ಕ್ಯಾನ್ಸರ್ ಅನ್ನುವುದು ನೂರಾರು ಬಗೆಯ ಕಾಯಿಲೆಗಳಿಗೆ ಇಟ್ಟಿರುವ ಒಂದೇ ಹೆಸರು. ನಾನು ಹಿಡಿದಿರುವುದು ಬಾಯಿ ಕ್ಯಾನ್ಸರ್, ಅದರಲ್ಲೂ ಕೆನ್ನೆಯ ಒಳಭಾಗದ್ದು. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ಕೆನ್ನೆಗೆ ಒತ್ತಿಕೊಂಡು, ಎಷ್ಟೋ ಮನೆಗಳಲ್ಲಿ ಹೆಂಗಸರು ಅದನ್ನು ಹಾಗೇ ಇಟ್ಟುಕೊಂಡು ಮಲಗಿಬಿಡುತ್ತಾರೆ. ರಾತ್ರಿಯಿಡೀ ಒಂದೇ ಜಾಗ ಅದರಲ್ಲಿ ನೆನೆಯುತ್ತದೆ. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕಿಕೊಂಡರೆ ಪರವಾಗಿಲ್ಲ ಅಂತ ತುಂಬಾ ಜನ ನಂಬಿದ್ದಾರೆ, ಅದು ನಿಜವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರ ವರದಿಯಲ್ಲೇ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಅಂತ ಪಟ್ಟಿಗೆ ಸೇರಿಸಿದೆ.

ಈ ಕ್ಯಾನ್ಸರ್‌ಗೆ ಆಪರೇಷನ್, ರೇಡಿಯೇಷನ್ ಜೊತೆಗೆ ಕೊಡುವ ಕಿಮೋ ಔಷಧಿಗಳಲ್ಲಿ ಸಿಸ್‌ಪ್ಲಾಟಿನ್ ಮುಖ್ಯವಾದದ್ದು. ಪ್ಲಾಟಿನಂ ಲೋಹ ಸೇರಿರುವ ಔಷಧಿ ಇದು, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ, ಇವತ್ತಿಗೂ ಬಳಕೆಯಲ್ಲಿದೆ. ಇದು ಕೋಶದ ಒಳಗೆ ಹೋಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಡಿಎನ್‌ಎ ಹಾಳಾದಾಗ ಕೋಶ ಮೊದಲು ರಿಪೇರಿ ಮಾಡಲು ನೋಡುತ್ತದೆ. ಆಗಲಿಲ್ಲ ಅಂದರೆ ತನ್ನನ್ನು ತಾನೇ ಸಾಯಿಸಿಕೊಳ್ಳುತ್ತದೆ. ಹಾಗೆ ಸಾಯುವ ವ್ಯವಸ್ಥೆ ನಮ್ಮ ಪ್ರತಿಯೊಂದು ಕೋಶದಲ್ಲೂ ಮೊದಲಿಂದಲೇ ಇದೆ, ಸಿಸ್‌ಪ್ಲಾಟಿನ್ ಅದನ್ನು ಎಬ್ಬಿಸುತ್ತದೆ ಅಷ್ಟೇ. ತೊಂದರೆ ಏನಂದರೆ ಕೆಲವು ಕ್ಯಾನ್ಸರ್ ಕೋಶಗಳು ಸಾಯುವುದಿಲ್ಲ. ಕೆಲವು ಔಷಧಿಯನ್ನು ಒಳಗೆ ಬಿಟ್ಟುಕೊಳ್ಳುವುದೇ ಕಡಿಮೆ, ಕೆಲವು ಒಳಗೆ ಬಂದದ್ದನ್ನು ಹೊರಗೆ ತಳ್ಳುತ್ತವೆ, ಕೆಲವು ಡಿಎನ್‌ಎಯನ್ನು ಬೇಗ ಬೇಗ ಸರಿಮಾಡಿಕೊಳ್ಳುತ್ತವೆ, ಇನ್ನು ಕೆಲವದರಲ್ಲಿ ಆ ಸಾಯುವ ವ್ಯವಸ್ಥೆಯೇ ಕೆಟ್ಟುಹೋಗಿರುತ್ತದೆ.

ಟೊಮೆಟೊ ಬೆಳೆದು ಕೋಲಾರದ ಎಪಿಎಂಸಿಗೆ ಹಾಕುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಬಿಳಿ ನೊಣಕ್ಕೆ ಒಂದೇ ಔಷಧಿ ಹೊಡೆಯುತ್ತಾ ಹೋದರೆ ಮೊದಮೊದಲು ಎಲ್ಲಾ ಸಾಯುತ್ತವೆ, ಅಲ್ವಾ? ಎಲ್ಲೋ ಒಂದೆರಡು ಬದುಕಿಕೊಳ್ಳುತ್ತವೆ. ಮುಂದಿನ ಪೀಳಿಗೆ ಹುಟ್ಟುವುದು ಆ ಬದುಕಿಕೊಂಡವುಗಳಿಂದ. ಒಂದೆರಡು ಬೆಳೆ ಕಳೆಯುವಷ್ಟರಲ್ಲಿ ಅದೇ ಔಷಧಿ, ಅದೇ ಅಳತೆ, ಆದರೆ ಕೆಲಸ ಮಾಡುವುದಿಲ್ಲ. ಗೆಡ್ಡೆಯ ಒಳಗೂ ನಡೆಯುವುದು ಇದೇ. ಕಿಮೋ ಕೊಟ್ಟ ಮೇಲೆ ಗೆಡ್ಡೆ ಕರಗಿ, ಮನೆಯವರೆಲ್ಲ ನಿಟ್ಟುಸಿರು ಬಿಟ್ಟು, ಆಮೇಲೆ ಮತ್ತೆ ಬಂತು ಅನ್ನುತ್ತಾರಲ್ಲ, ಆ "ಮತ್ತೆ ಬಂತು" ಅನ್ನುವುದರ ಹಿಂದೆ ಎಷ್ಟೋ ಸಲ ಈ ಬದುಕಿಕೊಂಡ ಕೋಶಗಳಿರುತ್ತವೆ. ಅವು ಹೇಗೆ ಬದುಕಿಕೊಂಡವು? ನನ್ನ ಕೆಲಸ ಅದರಲ್ಲೂ ಒಂದು ಚಿಕ್ಕ ಮೂಲೆ. ಒಂದೇ ಒಂದು ಪ್ರೋಟೀನ್ ಇಟ್ಟುಕೊಂಡು, ಅದು ಇದ್ದರೆ ಕೋಶ ಬದುಕುತ್ತದಾ, ತೆಗೆದರೆ ಸಾಯುತ್ತದಾ ಅಂತ ನೋಡುವುದು. ಇಷ್ಟಕ್ಕೆ ವರ್ಷಗಳು ಬೇಕಾ ಅನ್ನಿಸಬಹುದು. ಬೇಕು.

ಯಾಕೆ ಅಂತ ಹೇಳಬೇಕಾದರೆ ಲ್ಯಾಬಿನ ಒಂದು ಬೆಳಗನ್ನು ಹತ್ತಿರದಿಂದ ತೋರಿಸಬೇಕು. ನಾವು ಕೋಶಗಳನ್ನು ಚಪ್ಪಟೆ ಪ್ಲಾಸ್ಟಿಕ್ ಫ್ಲಾಸ್ಕ್‌ಗಳಲ್ಲಿ ಬೆಳೆಸುತ್ತೇವೆ. 37 ಡಿಗ್ರಿ ಶಾಖ, ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್ ಒಳಗೆ ಅವು ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು ಹರಡುತ್ತವೆ. ಜಾಗ ತುಂಬುತ್ತಿದ್ದಂತೆ ಬಿಡಿಸಿ ಬೇರೆ ಫ್ಲಾಸ್ಕ್‌ಗೆ ಹಾಕಬೇಕು. ಕೋಶಗಳಿಗೆ ಆಹಾರವಾಗಿ ಹಾಕಿದ್ದ ಹಳೆಯ ದ್ರವ, ಅಂದರೆ ಮೀಡಿಯಂ, ತೆಗೆದು, ಉಪ್ಪಿನ ದ್ರಾವಣದಲ್ಲಿ ತೊಳೆದು, ಅಂಟು ಬಿಡಿಸುವ ಟ್ರಿಪ್ಸಿನ್ ಅನ್ನುವ ಕಿಣ್ವ ಹಾಕಿ ಎರಡು ಮೂರು ನಿಮಿಷ ಬಿಡುತ್ತೇವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹರಡಿಕೊಂಡಿದ್ದ ಕೋಶಗಳು ಒಂದೊಂದಾಗಿ ದುಂಡಗಾಗಿ ತಳದಿಂದ ಬಿಟ್ಟುಕೊಳ್ಳುತ್ತಿರುತ್ತವೆ. ಫ್ಲಾಸ್ಕಿನ ಪಕ್ಕಕ್ಕೆ ಅಂಗೈಯಿಂದ ಮೆಲ್ಲಗೆ ತಟ್ಟಿದರೆ ಉಳಿದವೂ ತೇಲುತ್ತವೆ. ಜಾಸ್ತಿ ಹೊತ್ತು ಬಿಟ್ಟರೆ ಟ್ರಿಪ್ಸಿನ್ ಕೋಶವನ್ನೇ ಹಾಳುಮಾಡುತ್ತದೆ, ಹಾಗಾಗಿ ತಕ್ಷಣ ಸೀರಂ ಇರುವ ಮೀಡಿಯಂ ಹಾಕಿ ನಿಲ್ಲಿಸಬೇಕು. ಆಮೇಲೆ ಒಂದು ಹನಿಗೆ ನೀಲಿ ಬಣ್ಣ ಸೇರಿಸಿ, ಗೆರೆ ಕೊರೆದ ಗಾಜಿನ ಮೇಲಿಟ್ಟು ಎಣಿಸುತ್ತೇವೆ. ಸತ್ತ ಕೋಶದೊಳಗೆ ಬಣ್ಣ ಹೋಗುತ್ತದೆ, ಬದುಕಿರುವುದು ಹೊಳೆಯುತ್ತಾ ಬೆಳ್ಳಗೇ ಇರುತ್ತದೆ.

ಕೋಶಗಳಿಗೆ ಭಾನುವಾರ ಇಲ್ಲ, ಹಬ್ಬ ಇಲ್ಲ. ಯುಗಾದಿಗೆ ಊರಿಗೆ ಹೋಗಬೇಕಂದರೆ ಒಂದೋ ಪಕ್ಕದ ಬೆಂಚಿನವರನ್ನು ಕೇಳಿಕೊಳ್ಳಬೇಕು, ಇಲ್ಲವಾ ಕೋಶಗಳನ್ನು ಫ್ರೀಜ್ ಮಾಡಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟು ಹೋಗಬೇಕು. ಔಷಧಿಗೆ ಬಗ್ಗದ ಕೋಶಗಳನ್ನು ಲ್ಯಾಬಿನಲ್ಲೇ ತಯಾರು ಮಾಡುವುದಂತೂ ತಿಂಗಳುಗಟ್ಟಲೆಯ ಕೆಲಸ. ಸ್ವಲ್ಪ ಸಿಸ್‌ಪ್ಲಾಟಿನ್ ಹಾಕಿ, ಉಳಿದವನ್ನು ಚೇತರಿಸಿಕೊಳ್ಳಲು ಬಿಟ್ಟು, ಮತ್ತೆ ಇನ್ನೊಂದು ಚೂರು ಜಾಸ್ತಿ ಹಾಕಿ, ಹೀಗೇ ಮೇಲೇರಿಸುತ್ತಾ ಹೋಗುವುದು. ಮಧ್ಯದಲ್ಲಿ ಫಂಗಸ್ ಬಂದರೆ ಆ ಫ್ಲಾಸ್ಕ್ ಬಿಸಾಡಿ ಹಿಂದಕ್ಕೆ ಹೋಗಬೇಕು.

ಫಂಗಸ್ ಆದರೂ ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಇನ್ನೂ ಕಷ್ಟ. ನನ್ನ ಕ್ಷೇತ್ರದಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. ಕೆಬಿ ಅಂತ ಒಂದು ಬಗೆಯ ಕೋಶಗಳಿವೆ. ಬಾಯಿ ಕ್ಯಾನ್ಸರ್ ಕೋಶ ಅಂದುಕೊಂಡು ಲೋಕದ ತುಂಬಾ ಲ್ಯಾಬ್‌ಗಳು ಅವುಗಳ ಮೇಲೆ ಪ್ರಯೋಗ ಮಾಡಿದವು. ಅಸಲಿಗೆ ಅವು ಹೀಲಾ ಕೋಶಗಳು. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅನ್ನುವ ಕಪ್ಪು ಮಹಿಳೆಯ ಗರ್ಭಕಂಠದ ಕ್ಯಾನ್ಸರ್‌ನಿಂದ, ಆಕೆಯನ್ನು ಒಂದು ಮಾತೂ ಕೇಳದೆ ತೆಗೆದುಕೊಂಡ ಕೋಶಗಳು ಅವು. ಎಷ್ಟು ಜೋರಾಗಿ ಬೆಳೆಯುತ್ತವೆ ಅಂದರೆ ಒಂದು ಹನಿ ಬೇರೆ ಫ್ಲಾಸ್ಕ್‌ಗೆ ಬಿದ್ದರೂ ಅಲ್ಲಿದ್ದ ಕೋಶಗಳನ್ನು ಹಿಂದೆ ಹಾಕಿ ತಾವೇ ತುಂಬಿಕೊಳ್ಳುತ್ತವೆ. ಹೀಗೆ ಹಲವು ಬಗೆಯ ಕೋಶಗಳು ಹೀಲಾ ಆಗಿಬಿಟ್ಟಿವೆ ಅಂತ 1960ರ ದಶಕದಲ್ಲೇ ಗೊತ್ತಾಯಿತು. ಆದರೂ ಕೆಬಿಯನ್ನು ಬಾಯಿ ಕ್ಯಾನ್ಸರ್ ಅಂತ ಬರೆದ ಪೇಪರ್‌ಗಳು ಅದಾದ ಮೇಲೂ ಬರುತ್ತಲೇ ಇದ್ದವು. ನನಗೆ ಇದು ನಿಜಕ್ಕೂ ಸಂಕಟ ಕೊಡುವ ವಿಷಯ. ಗರ್ಭಕಂಠದ ಕೋಶದ ಮೇಲೆ ಪರೀಕ್ಷೆ ಮಾಡಿ ಬಾಯಿ ಕ್ಯಾನ್ಸರ್‌ಗೆ ಉತ್ತರ ಸಿಕ್ಕಿತು ಅಂದರೆ ಆ ಹಣ, ಆ ವರ್ಷಗಳು ಯಾರ ಪಾಲಿಗೆ ಹೋದವು? ಈಗ ಡಿಎನ್‌ಎ ಗುರುತು ಪರೀಕ್ಷೆ ಮಾಡಿಸಿ, ಇದು ಇಂಥದ್ದೇ ಕೋಶ ಅಂತ ಖಾತ್ರಿ ಮಾಡಿಕೊಂಡೇ ಕೆಲಸ ಶುರು ಮಾಡಬೇಕು. ಅದಕ್ಕೆ ಖರ್ಚಾಗುತ್ತದೆ, ಸಮಯ ಹೋಗುತ್ತದೆ, ಆದರೂ ಬಿಡುವ ಹಾಗಿಲ್ಲ.

ಸರಿಯಾದ ಬಾಯಿ ಕ್ಯಾನ್ಸರ್ ಕೋಶಗಳಲ್ಲೂ ಇನ್ನೊಂದು ಕೊರತೆ ಇದೆ. ಹೆಚ್ಚು ಬಳಕೆಯಲ್ಲಿರುವವು ಅಮೆರಿಕ, ಫ್ರಾನ್ಸ್, ಜಪಾನ್ ರೋಗಿಗಳ ನಾಲಿಗೆಯಿಂದ ಬಂದವು. ಹೊಗೆಸೊಪ್ಪು, ಅಡಿಕೆಯಿಂದ ಕೆನ್ನೆಯಲ್ಲಿ ಬರುವ ನಮ್ಮ ಕಡೆಯ ಕ್ಯಾನ್ಸರ್ ಅದೇ ರೀತಿ ಇರುತ್ತದೆ ಅಂತ ಸುಮ್ನೆ ಅಂದುಕೊಳ್ಳುವ ಹಾಗಿಲ್ಲ. ಬೇರೆ ಬೇರೆ ದೇಶಗಳು ಒಂದೊಂದು ಕ್ಯಾನ್ಸರ್‌ನ ಜೀನ್‌ಗಳನ್ನು ಓದಲು ಹಂಚಿಕೊಂಡಾಗ ಭಾರತ ಆರಿಸಿಕೊಂಡಿದ್ದು ಒಸಡು ಮತ್ತು ಕೆನ್ನೆಯ ಈ ಕ್ಯಾನ್ಸರ್‌ನ್ನೇ. 2013ರಲ್ಲಿ ಬಂದ ಆ ತಂಡದ ಪೇಪರ್‌ನಲ್ಲಿ ಮತ್ತೆ ಮತ್ತೆ ಕೆಟ್ಟಿರುವ ಜೀನ್‌ಗಳ ಪಟ್ಟಿ ಇದೆ. ಅದರಲ್ಲಿ ಟಿಪಿ53 ಇದೆ, ಕ್ಯಾಸ್ಪೇಸ್-8 ಕೂಡ ಇದೆ. ಎರಡಕ್ಕೂ ನಾನು ಮೇಲೆ ಹೇಳಿದ ಕೋಶ ಸಾಯುವ ವ್ಯವಸ್ಥೆಗೂ ನೇರ ಸಂಬಂಧ.

ಹಾಗಾಗಿ ನಮಗೆ ನಮ್ಮ ಊರಿನ ರೋಗಿಗಳ ಗೆಡ್ಡೆಯೇ ಬೇಕು. ಅದಕ್ಕೆ ಮೊದಲು ನೈತಿಕ ಸಮಿತಿಯ ಒಪ್ಪಿಗೆ. ಆಮೇಲೆ ರೋಗಿಯ ಒಪ್ಪಿಗೆ. ಕಾಗದ ಕನ್ನಡದಲ್ಲಿರುತ್ತದೆ, ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನಕ್ಕೆ ತೆಲುಗಿನಲ್ಲಿ ಹೇಳಿದರೇ ಸರಿಯಾಗಿ ತಲುಪುತ್ತದೆ. "ನಿಮ್ಮ ಆಪರೇಷನ್‌ನಲ್ಲಿ ತೆಗೆಯುವ ಗೆಡ್ಡೆಯಲ್ಲಿ ಒಂದು ಚೂರು ಸಂಶೋಧನೆಗೆ ಕೊಡ್ತೀರಾ? ಇದರಿಂದ ನಿಮಗೆ ಲಾಭ ಏನೂ ಇಲ್ಲ. ಬೇಡ ಅಂದರೂ ನಿಮ್ಮ ಚಿಕಿತ್ಸೆ ಹೀಗೇ ನಡೆಯುತ್ತೆ" ಅಂತ ಬಾಯಿಬಿಟ್ಟು ಹೇಳಬೇಕು. ಒಬ್ಬ ಅಜ್ಜಿ, ಮಾತಾಡಲು ಆಗದಷ್ಟು ಬಾಯಿ ಬಿಗಿದುಕೊಂಡಿದ್ದವರು, ಕೈಸನ್ನೆಯಲ್ಲೇ ಪೆನ್ ಕೇಳಿ ಸಹಿ ಹಾಕಿದರು. ಹೆನ್ರಿಯೆಟಾ ಲ್ಯಾಕ್ಸ್‌ಗೆ ಸಿಗದೇ ಹೋಗಿದ್ದು ಇದೇ, ಕೇಳಿಸಿಕೊಳ್ಳುವ ಅವಕಾಶ. ಒಪ್ಪಿಗೆ ಪತ್ರವನ್ನು ಬರೀ ಫಾರ್ಮಾಲಿಟಿ ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಆಪರೇಷನ್ ಆದ ಮೇಲೆ ಮೊದಲ ಪಾಲು ಗೆಡ್ಡೆಯನ್ನು ಪರೀಕ್ಷಿಸುವ ಪೆಥಾಲಜಿ ವಿಭಾಗಕ್ಕೆ, ಯಾಕಂದರೆ ರೋಗಿಯ ಚಿಕಿತ್ಸೆ ನಿಂತಿರುವುದು ಅದರ ಮೇಲೆ. ಉಳಿದರೆ ನಮಗೆ. ಕಡಲೆಬೇಳೆಯಷ್ಟು ಸಿಕ್ಕಿದರೂ ಸಂತೋಷ. ಅದನ್ನು ಮೀಡಿಯಂ ಇರುವ ಟ್ಯೂಬ್‌ಗೆ ಹಾಕಿ, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಮೇಲಿಟ್ಟು ಲ್ಯಾಬ್‌ಗೆ ಓಡಬೇಕು. ಕೋಲಾರದಿಂದ ಬೆಂಗಳೂರಿಗೆ ಹೈವೇ ಚೆನ್ನಾಗಿದೆ, ಸಿಕ್ಕಿಹಾಕಿಕೊಳ್ಳುವುದು ಕೆ.ಆರ್. ಪುರದಲ್ಲಿ. ಇಷ್ಟೆಲ್ಲ ಆಗಿ ಬಂದ ಚೂರು ಬೆಳೆಯುತ್ತದೆ ಅಂತ ಗ್ಯಾರಂಟಿ ಇಲ್ಲ. ಬಾಯಿಯಿಂದ ಬಂದದ್ದಲ್ಲವಾ, ಬ್ಯಾಕ್ಟೀರಿಯಾ, ಫಂಗಸ್ ಜೊತೆಯಲ್ಲೇ ಬಂದಿರುತ್ತವೆ. ಎಷ್ಟು ತೊಳೆದರೂ ಮರುದಿನ ಮೀಡಿಯಂ ಕಲಗಚ್ಚಿನ ಬಣ್ಣಕ್ಕೆ ತಿರುಗಿರುವುದುಂಟು. ಅದನ್ನು ದಾಟಿದರೂ, ಗೆಡ್ಡೆಯ ಜೊತೆಗಿದ್ದ ಮಾಮೂಲಿ ಕೋಶಗಳು ಮುಂದೆ ಬೆಳೆದು ಕ್ಯಾನ್ಸರ್ ಕೋಶಗಳು ಮೂಲೆಗುಂಪಾಗುತ್ತವೆ. ಬೆಳೆದು ನಿಲ್ಲುವುದು ಕೆಲವೇ ಕೆಲವು.

ಕೋಶ ಸಿಕ್ಕಿತು ಅನ್ನಿ. ಆ ಪ್ರೋಟೀನ್ ತಯಾರಿಸುವ ಜೀನ್‌ನ್ನು ಕ್ರಿಸ್ಪರ್ ಅನ್ನುವ ಜೀನ್ ಕತ್ತರಿಯಿಂದ ಕತ್ತರಿಸುತ್ತೇವೆ. 2012ರಲ್ಲಿ ಹೊರಬಂದು 2020ರಲ್ಲಿ ಇಬ್ಬರು ಮಹಿಳಾ ವಿಜ್ಞಾನಿಗಳಿಗೆ ನೊಬೆಲ್ ತಂದುಕೊಟ್ಟ ವಿಧಾನ ಇದು. ಆಮೇಲೆ ಔಷಧಿ ಹಾಕಿ ಎಷ್ಟು ಕೋಶ ಉಳಿದಿವೆ ನೋಡುತ್ತೇವೆ. 96 ಗುಳಿಗಳಿರುವ ತಟ್ಟೆಗೆ ಹಳದಿ ಬಣ್ಣದ ಒಂದು ರಾಸಾಯನಿಕ ಹಾಕಿದರೆ, ಬದುಕಿರುವ ಕೋಶ ಇರುವ ಗುಳಿಗಳು ನೇರಳೆಗೆ ತಿರುಗುತ್ತವೆ, ಸತ್ತವು ಇರುವಲ್ಲಿ ಹಳದಿಯೇ ಉಳಿಯುತ್ತದೆ. ಪ್ರೋಟೀನ್ ತೆಗೆದ ಸಾಲು ಹಳದಿಯಾಗಿ ಉಳಿದ ದಿನ ಕುಣಿಯುವಂತಾಗುತ್ತದೆ. ಆದರೆ ಅಲ್ಲಿಗೆ ಏನೂ ಸಾಬೀತಾಗಿಲ್ಲ. ಕತ್ತರಿ ಬೇರೆ ಜೀನ್‌ಗೂ ತಗುಲಿತ್ತಾ? ಕೋಶಗಳು ಬೇರೆ ಕಾರಣಕ್ಕೆ ಸುಸ್ತಾಗಿದ್ದವಾ? ಹಾಗಾಗಿ ತೆಗೆದ ಪ್ರೋಟೀನನ್ನು ಮತ್ತೆ ಒಳಗೆ ಹಾಕಿ ನೋಡಬೇಕು. ಈಗ ಕೋಶ ಮತ್ತೆ ಔಷಧಿಗೆ ಬಗ್ಗುವುದಿಲ್ಲ ಅಂತಾದರೆ, ಆಗ ನಂಬಬಹುದು. ಬೇರೆ ದಿನ ಮಾಡಿ ನೋಡಬೇಕು, ಬೇರೆ ರೋಗಿಯ ಕೋಶದಲ್ಲಿ ಮಾಡಬೇಕು, ಇನ್ನೊಬ್ಬರ ಕೈಯಲ್ಲಿ ಮಾಡಿಸಬೇಕು. ಆಮೇಲೆ ಇಲಿಗಳಲ್ಲಿ. ನನ್ನ ಸಮಯ ಜಾಸ್ತಿ ಹೋಗುವುದು ಹೊಸದನ್ನು ಕಾಣುವುದಕ್ಕಿಂತ, ಕಂಡದ್ದು ನಿಜವಾ ಅಂತ ಕೆದಕುವುದರಲ್ಲಿ. ಪೋಸ್ಟ್‌ಡಾಕ್ ಕೆಲಸದ ತಿರುಳು ಇದೇ ಅಂತ ನನ್ನ ಅಭಿಪ್ರಾಯ.

ಇದನ್ನು ಅವಸರದಲ್ಲಿ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಆಮ್ಜೆನ್ ಅನ್ನುವ ಔಷಧ ಕಂಪನಿ ಕ್ಯಾನ್ಸರ್‌ಗೆ ಸಂಬಂಧಿಸಿದ 53 ಮುಖ್ಯ ಪೇಪರ್‌ಗಳನ್ನು ತನ್ನ ಲ್ಯಾಬಿನಲ್ಲಿ ಮತ್ತೆ ಮಾಡಿ ನೋಡಿತು. ಹೇಳಿದ ಫಲಿತಾಂಶ ಖಚಿತವಾಗಿದ್ದು 6ರಲ್ಲಿ ಮಾತ್ರ ಅಂತ 2012ರಲ್ಲಿ ಪ್ರಕಟವಾಯಿತು. ಮೋಸ ಅಂತ ಎಲ್ಲವನ್ನೂ ತಳ್ಳಿಹಾಕಬೇಡಿ. ಬಹಳಷ್ಟು ಸಲ ಕೋಶ ಬೇರೆ, ಪ್ರೋಟೀನ್ ಗುರುತಿಸಲು ಬಳಸುವ ಆಂಟಿಬಾಡಿ ಸರಿಯಿಲ್ಲ, ಚೆನ್ನಾಗಿ ಬಂದ ಪ್ರಯೋಗವನ್ನಷ್ಟೇ ತೋರಿಸಿದ್ದಾರೆ, ಇಂಥವೇ ಕಾರಣ. ಎರಡು ವರ್ಷದ ಫೆಲೋಶಿಪ್ ಮುಗಿಯುವುದರೊಳಗೆ ಪೇಪರ್ ಬರಲೇಬೇಕು ಅನ್ನುವ ಒತ್ತಡ ಈ ಅವಸರದ ಒಂದು ಮೂಲ ಅಂತ ನಾನು ಖಂಡಿತ ಹೇಳುತ್ತೇನೆ.

ಈಗ ಚಿಕ್ಕಪ್ಪನ ಪ್ರಶ್ನೆ. ಔಷಧಿ ಯಾವಾಗ? 1960ರಲ್ಲಿ ಫಿಲಡೆಲ್ಫಿಯಾದ ಇಬ್ಬರು ಸಂಶೋಧಕರು ಒಂದು ಬಗೆಯ ರಕ್ತ ಕ್ಯಾನ್ಸರ್ ರೋಗಿಗಳಲ್ಲಿ ಗಿಡ್ಡಗಿರುವ ಒಂದು ಕ್ರೋಮೋಸೋಮ್ (ಕೋಶದೊಳಗಿನ ಡಿಎನ್‌ಎ ಕಟ್ಟು) ಕಂಡರು. ಅದು ಯಾಕೆ ಗಿಡ್ಡ ಅಂತ ಜಾನೆಟ್ ರೌಲಿ ತೋರಿಸಿದ್ದು 1973ರಲ್ಲಿ, 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಂಡಿದ್ದವು. ಆ ಅದಲುಬದಲಿನಿಂದ ಹುಟ್ಟುವ ಕೆಟ್ಟ ಪ್ರೋಟೀನ್ ಯಾವುದು ಅಂತ ತಿಳಿದದ್ದು 80ರ ದಶಕದಲ್ಲಿ. ಅದನ್ನು ತಡೆಯುವ ಇಮಾಟಿನಿಬ್ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಬದುಕುವುದು ಕಷ್ಟ ಅನ್ನುತ್ತಿದ್ದ ಆ ಕಾಯಿಲೆಯವರು ಇವತ್ತು ದಿನಾ ಮಾತ್ರೆ ನುಂಗಿಕೊಂಡು ವರ್ಷಾನುಗಟ್ಟಲೆ ಕೆಲಸಕ್ಕೆ ಹೋಗುತ್ತಿದ್ದಾರೆ. ನಲವತ್ತು ವರ್ಷ, ಎಷ್ಟೋ ಲ್ಯಾಬ್, ಎಷ್ಟೋ ಕೈ. ನನ್ನದು ಅಂಥ ಸರಪಳಿಯ ಒಂದು ಕೊಂಡಿ ಆಗಬಹುದು, ಆಗದೆಯೂ ಇರಬಹುದು. "ಔಷಧಿ ಕಂಡುಹಿಡಿದು ಬಚ್ಚಿಟ್ಟಿದ್ದಾರಂತೆ" ಅಂತ ವಾಟ್ಸಾಪ್‌ನಲ್ಲಿ ಬರುವುದನ್ನು ದಯವಿಟ್ಟು ನಂಬಬೇಡಿ. ಎಲ್ಲದಕ್ಕೂ ಒಂದೇ ಔಷಧಿ ಇರಲು ಸಾಧ್ಯವಾಗುವಂಥ ಕಾಯಿಲೆಯೇ ಇದಲ್ಲ.

ಇನ್ನೊಂದು ಮಾತು. ಬಾಯಿ ಕ್ಯಾನ್ಸರ್ ವಿಷಯದಲ್ಲಿ ನನ್ನ ಲ್ಯಾಬಿಗಾಗಿ ಕಾಯುವ ಅಗತ್ಯವೇ ಇಲ್ಲದ ದಾರಿ ಒಂದಿದೆ. ತಿರುವನಂತಪುರದ ಕಡೆ ನಡೆದ ದೊಡ್ಡ ಅಧ್ಯಯನದಲ್ಲಿ, ತರಬೇತಿ ಪಡೆದವರು ಮನೆಮನೆಗೆ ಹೋಗಿ ಬೆಳಕಿನಲ್ಲಿ ಬಾಯಿ ನೋಡಿದ್ದರಿಂದಲೇ ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಈ ಕ್ಯಾನ್ಸರ್‌ನ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು ಅಂತ 2005ರಲ್ಲಿ ವರದಿಯಾಗಿದೆ. ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ತೆರೆಯಲು ಬಿಗಿತ, ಖಾರ ತಾಗಿದರೆ ಉರಿ — ಇವಿದ್ದರೆ ತೋರಿಸಿಕೊಳ್ಳಿ. ನೋವಿಲ್ಲ ಅಂತ ಬಿಡಬೇಡಿ, ಶುರುವಿನಲ್ಲಿ ಎಷ್ಟೋ ಸಲ ನೋವಿರುವುದಿಲ್ಲ.

ಈಗ ಎಂ.ಎಸ್ಸಿ. ಹುಡುಗರು ಕೇಳುವ ದುಡ್ಡಿನ ವಿಷಯ. ಕೇಂದ್ರ ಸರ್ಕಾರ 2023ರಲ್ಲಿ ಪರಿಷ್ಕರಿಸಿದ ದರದಲ್ಲಿ, ಪಿಎಚ್‌ಡಿ ಆದ ರಿಸರ್ಚ್ ಅಸೋಸಿಯೇಟ್‌ಗಳಿಗೆ ತಿಂಗಳಿಗೆ 58,000, 61,000, 67,000 ರೂಪಾಯಿ ಅಂತ ಮೂರು ಹಂತ ಇದೆ, ಮನೆ ಬಾಡಿಗೆ ಭತ್ಯೆ ಬೇರೆ. ಕೇಳಲು ಚೆನ್ನಾಗಿದೆ. ಆದರೆ ಇದು ಸಂಬಳ ಅಂತ ಬರುವುದಿಲ್ಲ, ಫೆಲೋಶಿಪ್ ಅಂತ ಬರುತ್ತದೆ. ಸಾಮಾನ್ಯವಾಗಿ ಪಿಎಫ್ ಇಲ್ಲ, ಕೆಲಸದ ಭದ್ರತೆ ಇಲ್ಲ. ತಿಂಗಳುಗಟ್ಟಲೆ ಹಣ ಬಾರದೆ ಕೈಸಾಲದಲ್ಲಿ ದಿನ ತಳ್ಳಿದವರು ನನ್ನ ಸ್ನೇಹಿತರಲ್ಲೇ ಇದ್ದಾರೆ. ಮೂವತ್ತು ದಾಟಿದ ವಯಸ್ಸು, ಮದುವೆ, ಮಗು, ಅಪ್ಪ ಅಮ್ಮನ ಆರೋಗ್ಯ ಎಲ್ಲ ಸೇರಿಕೊಳ್ಳುವುದು ಇದೇ ವರ್ಷಗಳಲ್ಲಿ. ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ವಯಸ್ಸಿನ ಮಿತಿ 35, ಹೆಂಗಸರಿಗೆ ಮತ್ತು ಮೀಸಲು ವರ್ಗದವರಿಗೆ ಐದು ವರ್ಷ ರಿಯಾಯಿತಿ. ಕೊಡುವುದು ಎರಡು ವರ್ಷಕ್ಕೆ. ನಾನು ಮೇಲೆ ಹೇಳಿದ ಕೆಲಸ ಎರಡು ವರ್ಷದಲ್ಲಿ ಮುಗಿಯುತ್ತದಾ ಅಂತ ನೀವೇ ಲೆಕ್ಕ ಹಾಕಿ. ಈ ಅವಧಿ ಜಾಸ್ತಿ ಆಗಲೇಬೇಕು, ಇದನ್ನು ನೌಕರಿ ಅಂತ ಪರಿಗಣಿಸಲೇಬೇಕು.

ಇದೆಲ್ಲ ಗೊತ್ತಿದ್ದೂ ಬರುತ್ತೀನಿ ಅನ್ನುವವರಿಗೆ ಸ್ವಾಗತ, ನಮ್ಮ ಕಡೆಯವರು ಇಲ್ಲಿ ತುಂಬಾ ಕಡಿಮೆ. ಎಂ.ಎಸ್ಸಿ. ಆದ ಮೇಲೆ ಸಿಎಸ್‌ಐಆರ್-ನೆಟ್ ಅನ್ನುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬರೆದು ಪಿಎಚ್‌ಡಿ ಸೇರಿ. ಪಿಎಚ್‌ಡಿಯ ಕೊನೆಯ ವರ್ಷದಲ್ಲೇ ಪೋಸ್ಟ್‌ಡಾಕ್ ಹುಡುಕಲು ಶುರು ಮಾಡಿ. ಒಂದೇ ಇಮೇಲನ್ನು ಐವತ್ತು ಜನಕ್ಕೆ ಕಳಿಸಬೇಡಿ. ಆ ಲ್ಯಾಬಿನ ಇತ್ತೀಚಿನ ಎರಡು ಪೇಪರ್ ಓದಿ, ನಿಮ್ಮ ಕೈಯಲ್ಲಿ ಏನು ವಿದ್ಯೆ ಇದೆ, ಅಲ್ಲಿ ಏನು ಮಾಡಬೇಕಂತಿದ್ದೀರಿ ಅಂತ ನಾಲ್ಕು ಸಾಲು ನೀಟಾಗಿ ಬರೆಯಿರಿ. ಸೇರುವ ಮೊದಲು ಅಲ್ಲಿ ಈಗಿರುವವರ ಜೊತೆ, ಬಿಟ್ಟು ಹೋದವರ ಜೊತೆ ಫೋನಿನಲ್ಲಿ ಮಾತಾಡಿ. ಕೇಳಬೇಕಾದ್ದು ಇಷ್ಟು: ಕೋಶಗಳ ಗುರುತು ಪರೀಕ್ಷೆ ಮಾಡಿಸುತ್ತಾರಾ, ಫಲಿತಾಂಶ ಅಂದುಕೊಂಡ ಹಾಗೆ ಬರದಿದ್ದರೆ ಪ್ರೊಫೆಸರ್ ಏನನ್ನುತ್ತಾರೆ, ಫೆಲೋಶಿಪ್ ತಡವಾದ ತಿಂಗಳುಗಳಲ್ಲಿ ಲ್ಯಾಬಿನಿಂದ ಏನಾದರೂ ವ್ಯವಸ್ಥೆ ಇತ್ತಾ.